ನಲವತ್ತೊಂದು ಕಪ್ಪು ವಿಡಿಯೋ

ವೈನಿ, ನಿಮ್ಮ ಅವ್ವಾರ ಹಾಡು ಅಳಿಸಿದ್ದು ನೀವಲ್ಲ, ನಾನು. ಅಳಿಸಿದ ಮೇಲೆ ‘ನೀವೇ ಒತ್ತಿರಬೇಕು’ ಎಂದು ಹೇಳಿದವನೂ ನಾನೇ. ನಾಲ್ಕು ವರ್ಷದಿಂದ ಈ ಎರಡನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಅಣ್ಣನ ಮನೆಯಲ್ಲಿ ನಿಮ್ಮ ಕೈಯಡಿಗೆ ಉಂಡು, ಕೈ ತೊಳೆದು, ಸಿಂದಗಿ ಬಸ್ಸು ಹತ್ತಿದ್ದೇನೆ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಹಳಹಳಿಸುತ್ತ ಕೂತರೆ ಅದೂ ಒಂದು ನಮೂನಿ ನಾಟಕವೇ ಆಗುತ್ತದೆ.

ನಮ್ಮ ಮನೆತನದಲ್ಲಿ ಯಾರು ಹೊಸ ಫೋನು ತಂದರೂ ಮೊದಲು ನನ್ನ ಕೈಗೇ ಕೊಡುತ್ತಿದ್ದರು. ಸಿಂದಗಿ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ, ನಾಲ್ಕು ಗುಂಡಿ ಒತ್ತಲು ಬರುತ್ತದೆ — ಅಷ್ಟಕ್ಕೇ ದೊಡ್ಡ ಇಂಜಿನಿಯರನ ಮರ್ಯಾದೆ. ಎಲ್ಲರ ಪಾಸ್‌ವರ್ಡೂ ನನ್ನ ಡೈರಿಯಲ್ಲಿ. ನಿಮ್ಮದೂ. ಅದರ ಸೊಕ್ಕು ನನಗಿತ್ತು, ಇಲ್ಲ ಎನ್ನಲಾರೆ.

ಆ ಭಾನುವಾರ ಬಾಗೇವಾಡಿಗೆ ನಿಮ್ಮ ಮನೆಗೆ ಬಂದಾಗ ನೀವು ಫೋನು ಮುಂದೆ ಹಿಡಿದಿರಿ. “ಪ್ರಲ್ಹಾದ, ಜಾಗಾ ತುಂಬ್ಯದ ಅಂತ ಒಂದೇ ಸವನೆ ಬರ್ಲಿಕತ್ತದ. ಫೋಟೋ ಮ್ಯಾಲೆ ಹೋಗವಲ್ವು. ನೋಡಪಾ ಸ್ವಲ್ಪ.” ಮ್ಯಾಲೆ ಅಂದರೆ ಕ್ಲೌಡಿಗೆ. ನಮ್ಮ ಮನೆಯವರಿಗೆ ಅದು ಅಟ್ಟ ಇದ್ದಂತೆ — ಬೇಕಾದ್ದು ಬೇಡಾದ್ದು ಎಲ್ಲ ಒಗೆಯುವುದು, ಮತ್ತೆ ಹೊಳ್ಳಿ ನೋಡುವುದಿಲ್ಲ. ನೀವು ಚಹಾ ಮಾಡಲಿಕ್ಕೆ ಒಳಗೆ ಹೋದಿರಿ.

ನನ್ನ ರೀತಿ ಸರಳ: ದೊಡ್ಡ ಫೈಲು ಮೊದಲು. ಗಾತ್ರದ ಪ್ರಕಾರ ಸಾಲು ಹಚ್ಚಿದೆ. ಮೇಲಿನಿಂದ ನಲವತ್ತೊಂದು ವಿಡಿಯೋ, ಒಂದೊಂದೂ ಅರ್ಧ ತಾಸು, ಮುಕ್ಕಾಲು ತಾಸು — ಎಲ್ಲವೂ ಕಪ್ಪು. ಮುಖವಿಲ್ಲ, ಗೋಡೆಯಿಲ್ಲ, ಬರೀ ಕತ್ತಲೆ. ಒಂದನ್ನು ತೆರೆದೆ. ಪಾತ್ರೆ-ಭಾಂಡೆ ಸಪ್ಪಳ, ನೀರಿನ ಸಪ್ಪಳ. ಚೀಲದಲ್ಲಿ ತಾನಾಗೇ ಗುಂಡಿ ಒತ್ತಿಹೋಗಿದೆ ಅಂದುಕೊಂಡೆ. ಆಮೇಲೆ — ಇದನ್ನು ಇವತ್ತಿನವರೆಗೆ ನನಗೆ ನಾನೂ ಸರಿಯಾಗಿ ಹೇಳಿಕೊಂಡಿಲ್ಲ — ಯಾರೋ ಹೆಂಗಸು ಗಂಟಲು ಸರಿಮಾಡಿಕೊಂಡು ರಾಗ ಎತ್ತಿದ್ದು ಕೇಳಿಸಿತು. ಕೇಳಿಸಿತು, ವೈನಿ. ಇನ್ನರ್ಧ ನಿಮಿಷ ಬಿಟ್ಟಿದ್ದರೆ... ಬಿಡಲಿಲ್ಲ. ನಲವತ್ತೊಂದಕ್ಕೂ ಗುರುತು ಹಾಕಿ ಅಳಿಸಿದೆ. ಕಸದ ಬುಟ್ಟಿಯಲ್ಲಿ ಬಿದ್ದದ್ದೂ ಜಾಗ ತಿನ್ನುತ್ತದೆ ಎಂದು ಬುಟ್ಟಿಯನ್ನೂ ಬರಿದು ಮಾಡಿದೆ. ಚಹಾ ಬರುವುದರೊಳಗೆ ಕೆಲಸ ಮುಗಿದಿತ್ತು. “ಶಾಣ್ಯಾ ಇದ್ದಿ ಬಿಡು” ಅಂದಿರಿ ನೀವು. ಖುಷಿಯಿಂದ ಚಹಾ ಕುಡಿದೆ.

ಎರಡು ತಿಂಗಳಿಗೆ ನಿಮ್ಮ ತವರು ಗೊಳಸಂಗಿಯಲ್ಲಿ ನಿಮ್ಮ ಅವ್ವಾರು ತೀರಿಕೊಂಡರು. ಕಪ್ಪು ವಿಡಿಯೋ ಏನೆಂಬುದು ನನಗೆ ತಿಳಿದದ್ದು ಆಗ, ನಿಮ್ಮ ಬಾಯಿಂದಲೇ.

ಅವ್ವಾರನ್ನು ಕೂಡ್ರಿಸಿ ಹಾಡು ಅಂದರೆ ಹಾಡುತ್ತಿರಲಿಲ್ಲ. ಕೂತರೆ ಶಬ್ದ ಮರೆಯುತ್ತಿದ್ದವಂತೆ. ಮಡಿಯುಟ್ಟು ನೈವೇದ್ಯದ ಅಡಿಗೆಗೆ ನಿಂತಾಗ ಮಾತ್ರ ಉರುಟಣಿ ಹಾಡು — ಮದುವೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಅರಿಷಿಣ ಹಚ್ಚುವಾಗಿನವು — ಒಂದರ ಬೆನ್ನಿಗೊಂದು ಬರುತ್ತಿದ್ದವು. ಮಡಿಯಲ್ಲಿ ಫೋನು ಹತ್ತಿರ ಸುಳಿಯುವಂತಿಲ್ಲ. ಕಂಡರೆ ಹಾಡೂ ನಿಲ್ಲುತ್ತಿತ್ತು. ಅದಕ್ಕೇ ನೀವು ತವರಿಗೆ ಹೋದಾಗೆಲ್ಲ ಅಡಿಗೆಮನೆಯ ಹೊರಗಿನ ಗೋಡೆಯ ಗೂಡಿನಲ್ಲಿ ಫೋನಿಟ್ಟು, ಮೇಲೆ ಬಟ್ಟೆ ಮುಚ್ಚಿ... ದನಿ ಮಾತ್ರ ಹಿಡಿಯುವ ಬೇರೆ ಗುಂಡಿ ಇದೆಯೆಂದು ನಿಮಗೆ ಗೊತ್ತಿರಲಿಲ್ಲ. ನಾನು ಕಲಿಸಿದ್ದು ವಿಡಿಯೋದ ಕೆಂಪು ಗುಂಡಿ ಒಂದೇ. ಮೂರು ವರ್ಷ ಕೂಡಿಹಾಕಿದ್ದಿರಿ. ಇಷ್ಟೆಲ್ಲ ಹೇಳಿ ಕೇಳಿದಿರಿ:

“ಪ್ರಲ್ಹಾದ, ಅವ್ವನ ಹಾಡು ಸಿಗವಲ್ವು. ನೀ ಏನರೆ ತಗದಿಯೇನು?”

ತಣ್ಣಗೆ ಹೇಳಿದೆ: “ಇಲ್ರೀ ವೈನಿ. ಕೈ ತಪ್ಪಿ ನೀವೇ ಎಲ್ಲೋ ಒತ್ತಿರಬೇಕು.”

“ಹೌದೇನೋಪಾ,” ಅಂದಿರಿ. ಅಷ್ಟೇ. ಜಗಳ ತೆಗೆದಿದ್ದರೆ ಬಾಯಿ ಬಿಡುತ್ತಿದ್ದೆನೇನೋ — ಇದೂ ಸುಳ್ಳೇ ಇರಬೇಕು.

ನಿಮ್ಮ ತಂಗಿ ಆ ಫೋನನ್ನು ಮುದ್ದೇಬಿಹಾಳದ ಮೊಬೈಲ್ ಅಂಗಡಿಗೆ ಒಯ್ದರು. “ಕಸದ ಬುಟ್ಟಿನೂ ಖಾಲಿ ಐತ್ರಿ ಅಕ್ಕಾರ, ಕೈ ತಪ್ಪಿ ಹೋಗಿದ್ದಲ್ಲ ಇದು” ಅಂದನಂತೆ ಅಂಗಡಿಯವ. ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ; ಆ ಮಾತಿನ ಭಾರವೂ ನಿಮ್ಮ ತಲೆಯ ಮೇಲೇ ಬಿತ್ತು. ಮುಂದೆ ಇಂಡಿ ಊರಲ್ಲಿ ನಿಮ್ಮ ಮಗಳ ಮದುವೆ ಆಯಿತು. ಉರುಟಣಿಯ ಹೊತ್ತಿಗೆ ನೀವು ಎರಡು ಸಾಲು ಹಾಡಿ, ಮುಂದಿನದು ನೆನಪಾಗದೆ ನಿಂತುಬಿಟ್ಟಿರಿ. ತುಂಬಿದ ಮಂದಿಯೊಳಗೆ ನಿಮ್ಮ ತಂಗಿ, “ಅವ್ವನ ದನಿ ಒಂದು ಜ್ವಾಕಿ ಮಾಡ್ಲಿಕ್ಕೆ ಆಗ್ಲಿಲ್ಲ ನಿನಗ” ಎಂದರು. ನಾನು ಎರಡು ಮಾರು ದೂರದಲ್ಲಿ ಎಲೆ-ಅಡಿಕೆಯ ತಬಕ ಹಿಡಿದು ನಿಂತಿದ್ದೆ. ತಲೆ ಎತ್ತಲಿಲ್ಲ. ನೀವು ಸೆರಗಿನಿಂದ ಮುಖ ಒರೆಸಿಕೊಂಡು ಬೀಗರ ಊಟದ ಕಡೆ ಹೋದಿರಿ.

ಅಂದಿನಿಂದ ಅಕ್ಕ-ತಂಗಿಗೆ ಮಾತಿಲ್ಲ. ಒಂದು ಮೆಸೇಜು ಅಳಿಸುವುದಿದ್ದರೂ ನೀವು ಅಣ್ಣನ ಕೈಗೆ ಫೋನು ಕೊಡುತ್ತೀರಿ — ‘ನನ್ನ ಕೈ ಸುಮಾರದ, ಮತ್ತೇನರೆ ಕಳದೀತು’ ಎಂದು. ನಾನು ಅಲ್ಲೇ ಕೂತು ನಕ್ಕಿದ್ದೇನೆ ಕೂಡ. ನಾಚಿಕೆಗೇಡು.

ಹೋದ ವಾರ ನಿಮ್ಮ ದನಿಯ ಮೆಸೇಜು ಬಂತು. “ಮತ್ತ ಜಾಗಾ ತುಂಬ್ಯದ ಪ್ರಲ್ಹಾದ. ನೀನೇ ಅಲ್ಲಿಂದ ಖಾಲಿ ಮಾಡಪಾ. ನಾ ಮುಟ್ಟಂಗಿಲ್ಲ.” ಸಿಂದಗಿಯಲ್ಲೇ ಕೂತು ನಿಮ್ಮ ಖಾತೆ ತೆರೆದೆ. ಗಾತ್ರದ ಪ್ರಕಾರ ಸಾಲು ಹಚ್ಚಿದೆ. ಮೇಲೆ ಏಳು ವಿಡಿಯೋ. ಕಪ್ಪು.

ಈ ಸಲ ಏಳನ್ನೂ ಕೊನೆಯವರೆಗೆ ಕೇಳಿದೆ. ಹಾಡುತ್ತಿದ್ದವರು ನೀವು. ಎರಡು ಸಾಲು, ಮೂರನೆಯದಕ್ಕೆ ತಡವರಿಕೆ, ಮತ್ತೆ ಮೊದಲಿನಿಂದ. ಮತ್ತೆ. ಅವ್ವಾರಿಗೆ ನಿಂತಾಗ ನೆನಪು ಬರುತ್ತಿತ್ತಲ್ಲ, ನಿಮಗೂ ಬಂದೀತೆಂದು ಹಾಗೇ ಫೋನಿಗೆ ಬಟ್ಟೆ ಮುಚ್ಚಿ, ಅಡಿಗೆಗೆ ನಿಂತು ಹಾಡಿದ್ದೀರಿ. ಏಳನೆಯದರ ಕೊನೆಗೆ ಒಲೆ ಆರಿಸಿದ ಸಪ್ಪಳ. ಆಮೇಲೆ ಸಣ್ಣ ದನಿಯಲ್ಲಿ — “ತಪ್ಪಾತು ಅವ್ವಾ, ನಾನೇ ಕಳದೆ.”

ನೀವು ಕಳೆಯಲಿಲ್ಲ, ವೈನಿ.

ಆ ಏಳನ್ನು ಮುಟ್ಟಿಲ್ಲ. ಹಬ್ಬದ ಶುಭಾಶಯದ ಚಿತ್ರಗಳಿದ್ದವು, ಬಹುಪಾಲು ನಾನೇ ಕಳಿಸಿದವು; ಒಂದೊಂದನ್ನೂ ತೆರೆದು ನೋಡಿ ತೆಗೆದೆ. ಸ್ವಲ್ಪ ಜಾಗ ಆಗಿದೆ. ಭಾನುವಾರ ಬಾಗೇವಾಡಿಗೆ ಬರುತ್ತೇನೆ. ನಿಮ್ಮ ತಂಗಿಗೂ ಬರಲು ಹೇಳಿದ್ದೇನೆ; ಯಾಕೆಂದು ಹೇಳಿಲ್ಲ. ಈ ಕಾಗದವನ್ನು ನಿಮ್ಮಿಬ್ಬರ ಮುಂದೆ ನಾನೇ ಓದಬೇಕು. ಓದಿದ ಮೇಲೆ ನನಗೆ ಊಟಕ್ಕೆ ಎಲೆ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಪಾಸ್‌ವರ್ಡ್ ಬರೆದ ಡೈರಿಯನ್ನೂ ತರುತ್ತೇನೆ, ನಿಮ್ಮ ಹಾಳೆ ಹರಿದು ನಿಮ್ಮ ಕೈಗೇ ಕೊಡುತ್ತೇನೆ.