ಏಳು ವರ್ಷದವಳ ಖಾತೆ

ಬೀಗ ಕಂಡರೆ ಒಮ್ಮೆಯಾದರೂ ಅಲುಗಾಡಿಸಿ ನೋಡದೆ ಮುಂದೆ ಹೋಗುವ ಜಾಯಮಾನ ನನ್ನದಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಆ ಚಟ ಇನ್ನೂ ಹೆಚ್ಚಾಯಿತು. ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆದುಕೊಡುವ ಎಐ ಸಹಾಯಕವೊಂದರ ಜೊತೆ ದಿನವೂ ತಲೆಹರಟೆ ಮಾಡುತ್ತಾ ಸಣ್ಣಪುಟ್ಟ ಪ್ರೋಗ್ರಾಂ ಮಾಡುವುದನ್ನು ಕಲಿತಿದ್ದೆ.

ಕಳೆದ ಬೇಸಿಗೆಯಲ್ಲಿ ಆ ಹರಟೆಗೆ ನಿಜವಾದ ಕೆಲಸ ಬಿತ್ತು. ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ನನ್ನ ಹಿರಿಯ ವಾರಗಿತ್ತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಮಂಚೇನಹಳ್ಳಿಗೆ ಕೊಟ್ಟಿರುವ ಅವಳ ಮಗಳಿಗೆ ದಿನ ತುಂಬಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ತಾಯಿಯೇ ಅಲ್ಲಿಗೆ ಹೋಗಬೇಕಿತ್ತು. ಇತ್ತ ಹುಳುಗಳಿಗೆ ನಾಲ್ಕನೇ ಜ್ವರ. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಒಂದು ವಾರ ಬಿಸಿಗಾಳಿ ತಾಗಬಾರದು.

"ನಾನು ಹೋದ್ರೆ ಹುಳುಮನೆ ಯಾರು ನೋಡ್ತಾರೆ? ನಿಂಗೆ ಸೆಕೆನೇ ಗೊತ್ತಾಗಲ್ಲ ಕಣಮ್ಮ" ಎಂದಳು ಅಕ್ಕ.

ಅದು ನಿಜ. ಅಕ್ಕ ಹುಳುಮನೆಯ ಬಾಗಿಲು ತೆರೆದು, ಒಳಗಿನ ಗಾಳಿಗೆ ಕೆನ್ನೆ ಒಡ್ಡಿ, ಕಿಟಕಿಗಳ ಗೋಣಿಚೀಲ ನೆನೆಸು ಎನ್ನುತ್ತಾಳೆ. ನೆನೆಸುವುದು ನನಗೂ ಬರುತ್ತದೆ, ಯಾವಾಗ ಎಂಬುದು ಮಾತ್ರ ತಿಳಿಯದು. ಹಾಗಾಗಿ ಶಾಖ ಅಳೆಯುವ ಪುಟ್ಟ ಸಾಧನವೊಂದನ್ನು ತರಿಸಿ ಹುಳುಮನೆಯಲ್ಲಿಟ್ಟು, ಸೆಕೆ ಏರಿದರೆ ಲ್ಯಾಪ್‌ಟಾಪ್ ಕೂಗುವ ಹಾಗೆ ಮಾಡಹೊರಟೆ. ಸಹಾಯಕ ಕೋಡನ್ನೇನೋ ಬರೆಯಿತು. ಅದನ್ನು ನನ್ನ ಕಂಪ್ಯೂಟರಿನಲ್ಲಿ ತಾನೇ ಓಡಿಸಲು ಅದಕ್ಕೆ ಒಂದು ಅನುಮತಿ ಬೇಕಿತ್ತು. ಕೈಯಾರೆ ಓಡಿಸುವಷ್ಟು ವಿದ್ಯೆ ನನಗಿರಲಿಲ್ಲ. ಸೆಟ್ಟಿಂಗ್‌ಗೆ ಹೋದರೆ ಆ ಗುಂಡಿ ಬೂದುಬಣ್ಣಕ್ಕೆ ತಿರುಗಿ ಕೂತಿತ್ತು. ಪಕ್ಕದಲ್ಲೊಂದು ಪುಟಾಣಿ ಬೀಗದ ಚಿತ್ರ, ಕೆಳಗೆ 'ಅನುಮತಿ ಕೇಳಿ' ಎಂಬ ಸಾಲು.

ಕೇಳಿದೆ. ಉತ್ತರ ಬರಲಿಲ್ಲ. ಲಾಗೌಟ್ ಮಾಡಿ ಮತ್ತೆ ಒಳಗೆ ಹೋದೆ, ಬ್ರೌಸರ್ ಬದಲಿಸಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಪ್ರತಿ ಸಲವೂ ಅನುಮತಿ ಕೇಳಿದೆ. ನಾಲ್ಕು ದಿನ ಹೀಗೇ ಕಳೆಯಿತು. ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ನನ್ನ ವಿನಂತಿ ಯಾರಿಗೆ ಹೋಗುತ್ತಿದೆ? ಕೊನೆಗೆ ಸಹಾಯಕವನ್ನೇ ಕೇಳಿದೆ. ಖಾತೆಯಲ್ಲಿ ಹುಟ್ಟಿದ ವರ್ಷ ಏನಿದೆ ನೋಡಿ ಎಂದಿತು.

ನೋಡಿದರೆ ನನಗೆ ಏಳು ವರ್ಷ!

ನಮ್ಮ ಮನೆಗೆ ಹೊಸದೇನು ಬಂದರೂ ಕಿರಿಯ ಹೆಣ್ಣುಮಗುವಿನ ಹೆಸರಲ್ಲಿ ಶುರು ಮಾಡುವ ಪದ್ಧತಿ. ಬೋರ್‌ವೆಲ್ ಗುಂಡಿ ಒತ್ತಿದ್ದು, ಹೊಸ ಹಸುವಿಗೆ ಕುಂಕುಮ ಇಟ್ಟಿದ್ದು ಎಲ್ಲ ನನ್ನ ಮೊಮ್ಮಗಳ ಕೈಯಲ್ಲೇ. ಅದೇ ಗುಂಗಿನಲ್ಲಿ ಖಾತೆಯನ್ನೂ ಅವಳ ಹೆಸರು, ಅವಳ ಹುಟ್ಟಿದ ದಿನ ಹಾಕಿ ತೆರೆದು ಮರೆತಿದ್ದೆ. ಪೋಷಕರ ನಂಬರ್ ಕೇಳಿದಲ್ಲಿ ಅಕ್ಕನ ನಂಬರ್ ಕೊಟ್ಟಿದ್ದೆ. ಬೀಗದ ಕೈಗೊಂಚಲು ಹಿರಿಯ ಸೊಸೆಯ ಸೊಂಟದಲ್ಲಿರುವಾಗ ಇನ್ಯಾರ ನಂಬರ್ ಕೊಡುವುದು? ಅದರ ಕೆಳಗೇ ಬರೆದಿತ್ತು: ನಿಮ್ಮ ವಿನಂತಿಯನ್ನು ಆರು ಬಾರಿ ನಿರಾಕರಿಸಲಾಗಿದೆ.

ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ಕೇಳಿದರೆ ತಲೆ ಎತ್ತದೆ ಹೇಳಿದಳು: "ದಿನಾ ಬರ್ತಿತ್ತು. ಮಗು ಹೆಸರು ಹಾಕಿ ಪರ್ಮಿಷನ್ ಕೊಡಿ ಅಂತ. ಗೊತ್ತಿಲ್ದೇ ಇರೋದಕ್ಕೆಲ್ಲ ಬೇಡ ಅಂತ ಒತ್ತು ಅಂತ ನೀನೇ ಅಲ್ವೇನಮ್ಮ ಹೇಳ್ಕೊಟ್ಟಿದ್ದು?"

ನಾನು ನಕ್ಕು ನಕ್ಕು ಕುಸಿದು ಕೂತೆ. ಆಮೇಲೆ ಎಲ್ಲ ವಿವರಿಸಿ, ಹೊಸದಾಗಿ ವಿನಂತಿ ಕಳಿಸಿ, ಫೋನನ್ನು ಅವಳ ಕೈಗಿಟ್ಟೆ. ಅಕ್ಕ ಒತ್ತಲಿಲ್ಲ. ಪರದೆಯನ್ನೇ ನೋಡುತ್ತಾ ಕೇಳಿದಳು: "ಇದು ಕೂಗೋಕೆ ಶುರು ಮಾಡಿದ್ರೆ, ಇನ್ಮೇಲೆ ನನ್ನ ಯಾರೂ ಕೇಳಲ್ಲ ಅಲ್ವಾ?"

ನನಗೆ ನಾಚಿಕೆಯಾಯಿತು. ಬೀಗದ ಒಳಗೇನಿದೆ ಎಂದು ನಾಲ್ಕು ದಿನ ಒದ್ದಾಡಿದವಳು, ಅವಳ ಮನಸ್ಸಿನಲ್ಲೇನಿದೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಕೋಡಿನಲ್ಲಿ ಒಂದು ಜಾಗ ಖಾಲಿ ಇದ್ದದ್ದೂ ಆಗಲೇ ನೆನಪಾಯಿತು.

"ಎಷ್ಟು ಸೆಕೆಗೆ ಕೂಗ್ಬೇಕು ಅಂತ ಅದಕ್ಕೆ ಗೊತ್ತಿಲ್ಲ ಅಕ್ಕ. ನಂಗೂ ಗೊತ್ತಿಲ್ಲ. ನೀನೇ ಹೇಳ್ಬೇಕು."

ಆ ಮಧ್ಯಾಹ್ನ ಇಬ್ಬರೂ ಹುಳುಮನೆಯಲ್ಲಿ ನಿಂತೆವು. ಅಕ್ಕ ಸಾಧನದ ಕಡೆ ನೋಡದೆ ಕೆನ್ನೆ ಒಡ್ಡಿ "ಈಗ" ಎಂದಾಗ ನಾನು ಅಂಕಿ ಬರೆದುಕೊಂಡೆ. ಗೋಣಿ ನೆನೆಸಿ, ತಂಪಾಗಿ, ಮತ್ತೆ ಕಾದ ಮೇಲೆ "ಈಗ" ಎಂದಳು. ಅದೇ ಅಂಕಿ! ಮೂರನೇ ಸಲವೂ ಅದೇ ಬಂದಾಗ ನನಗೆ ಮೈ ಜುಮ್ಮೆಂದಿತು. ಅಕ್ಕನಿಗೆ ಅದರಲ್ಲೇನೂ ಆಶ್ಚರ್ಯವಿರಲಿಲ್ಲ. "ಸರಿ ಕಣಮ್ಮ" ಎಂದು ಸೆರಗಿಗೆ ಕೈ ಒರೆಸಿಕೊಂಡು, ಹೂಂ ಎಂದು ಒತ್ತಿ, ಮರುದಿನ ಬೆಳಿಗ್ಗೆ ಮಂಚೇನಹಳ್ಳಿಗೆಂದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಮೂರನೇ ದಿನ ಲ್ಯಾಪ್‌ಟಾಪ್ ಕೂಗಿತು. ಓಡಿಹೋಗಿ ಗೋಣಿ ನೆನೆಸುತ್ತಿದ್ದಾಗಲೇ ಮಂಚೇನಹಳ್ಳಿಯಿಂದ ಫೋನು.

"ಹೆಣ್ಣುಮಗು ಕಣಮ್ಮ" ಎಂದಳು ಅಕ್ಕ, ಅಳುವಂತೆ. ಮರುಕ್ಷಣವೇ, "ಇಲ್ಲಿ ಗಾಳಿ ಬಿಸಿಯಾಯ್ತು, ಗೋಣಿ ನೆನೆಸ್ದ್ಯಾ?"

ಹುಟ್ಟಿದ ವರ್ಷವನ್ನು ನಾನಿನ್ನೂ ತಿದ್ದಿಲ್ಲ. ಹೊಸ ಸೆಟ್ಟಿಂಗ್ ಬೇಕಾದರೆ ವಿನಂತಿ ಕಳಿಸಿ ಹೋಗಿ ಅಕ್ಕನ ಎದುರು ಕೂರುತ್ತೇನೆ. ಯಾಕೆ, ಏನು ಎಂದು ಪೂರ್ತಿ ಕೇಳಿಯೇ ಅವಳು ಒತ್ತುತ್ತಾಳೆ.