ಕೊನೆಯ ಕಂತನ್ನು ಅಮ್ಮ ಹೊಲಿಯಲಿಲ್ಲ

ಹಲಸೂರಿನ ನಮ್ಮ ವಠಾರದಲ್ಲಿ ಮೂರು ಮನೆ ಸೇರಿ ಒಂದೇ ವಾರಪತ್ರಿಕೆ ತರಿಸುತ್ತಿದ್ದವು. ಕೊನೆಗೆ ಓದುವ ಮನೆಗೆ ಧಾರಾವಾಹಿಯ ಹಾಳೆ ಕಿತ್ತಿಟ್ಟುಕೊಳ್ಳುವ ಹಕ್ಕು. ಆ ಮನೆ ನಮ್ಮದು. ಕಥೆ ಮುಗಿದ ಮೇಲೆ ಅಮ್ಮ ಹಾಳೆಗಳನ್ನೆಲ್ಲ ದಪ್ಪ ದಾರದಲ್ಲಿ ಹೊಲಿದು, ರಟ್ಟು ಅಂಟಿಸಿ, ಪುಸ್ತಕ ಮಾಡುತ್ತಿದ್ದಳು.

ತೊಂಬತ್ತರ ದಶಕದ ಒಂದು ವರ್ಷ ಬಂದ ಕಥೆಯ ನಾಯಕಿಗೆ ನನ್ನದೇ ವಯಸ್ಸು. ಸೈಕಲ್ಲಿನಲ್ಲಿ ಬೆಟ್ಟದ ಊರುಗಳಿಗೆ ಔಷಧಿ ಒಯ್ಯುತ್ತಾಳೆ, ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ನನಗೆ ಬೇಕಿದ್ದದ್ದೂ ಸೈಕಲ್ಲೇ. ಅಣ್ಣನ ಹಳೆಯದು ಮೆಟ್ಟಿಲ ಕೆಳಗೆ ಸುಮ್ಮನೆ ನಿಂತಿತ್ತು. ಫ್ರೇಜರ್ ಟೌನಿನ ನನ್ನ ಶಾಲೆಯಲ್ಲಿ ಸಂಜೆ ಥ್ರೋಬಾಲ್ ಅಭ್ಯಾಸ. ಅದು ಮುಗಿಸಿ ಬಸ್ಸಿಗೆ ಕಾದರೆ ಮನೆ ಸೇರುವಾಗ ಕತ್ತಲು. ಸೈಕಲ್ ಸಿಗದಿದ್ದರೆ ಟೀಮೂ ಇಲ್ಲ.

ಸೈಕಲ್ ಕೇಳುವಾಗ ಅಪ್ಪನ ಮುಂದೆ ಕಥೆಯ ಆ ಹುಡುಗಿಯನ್ನೇ ನಿಲ್ಲಿಸಿದೆ.

“ಅವಳು ಬೆಟ್ಟಕ್ಕೇ ಹೋಗ್ತಾಳಲ್ಲಪ್ಪ!”

“ಬೆಟ್ಟದಲ್ಲಿ ಲಾರಿ ಇರಲ್ಲಮ್ಮ. ಇಲ್ಲಿ ಕೆರೆ ಪಕ್ಕ ಹೋಗಿ ನಿಂತ್ಕೊಂಡು ನೋಡು.”

“ಅಲ್ಲಿ ಕಳ್ಳರಿದಾರೆ!”

“ಸರಿ, ಕಥೆ ಮುಗೀಲಿ. ಆಮೇಲೆ ನೋಡೋಣ.”

ಮುಗಿಯುವ ಹಿಂದಿನ ವಾರ ಕಳ್ಳರು ಬ್ರೇಕ್ ತಂತಿ ಕತ್ತರಿಸಿದ್ದರು, ಅವಳು ಇಳಿಜಾರಿನಲ್ಲಿದ್ದಳು. ಕೊನೆಯ ಕಂತಿನಲ್ಲಿ ಅವರನ್ನು ಹಿಡಿದೂ ಕೊಟ್ಟಳು. ಅದೇ ಪುಟದ ಕೆಳಗೆ ಸೈಕಲ್ಲನ್ನು ತಮ್ಮನಿಗೆ ಒಪ್ಪಿಸಿ, ನೋಡಲು ಬಂದ ಗಂಡಿನ ಕಡೆಯವರ ಮುಂದೆ ಕಾಫಿ ತಟ್ಟೆ ಹಿಡಿದು ನಾಚಿ ನಿಂತಳು. ಒಂದು ಕಂತನ್ನೂ ಓದದ ಅಪ್ಪ ಇದನ್ನು ಗಟ್ಟಿಯಾಗಿ ಓದಿದರು.

“ನೋಡ್ದ್ಯಾ? ಅವಳೇ ಬಿಟ್ಲು. ನಾನೇನೂ ಹೇಳ್ಲಿಲ್ಲ.”

“ನಿಮ್ ಲೀಡರ್ ಕೈ ಕೊಟ್ಳು ಕಣೇ!” ಅಣ್ಣನ ನಗು.

ನನಗೆ ಸಿಟ್ಟು ಅಪ್ಪನ ಮೇಲಲ್ಲ, ಬರೆದವರ ಮೇಲೆ. ಅಷ್ಟು ವಾರ ಓಡಿಸಿದ್ದು ಈ ತಟ್ಟೆ ಹಿಡಿಸುವುದಕ್ಕೇ?

ಅಮ್ಮ ಹೊಲಿದ ಪುಸ್ತಕದಲ್ಲಿ ಆ ಕಂತಿರಲಿಲ್ಲ. ಹುಡುಗಿ ಇಳಿಜಾರಿನಲ್ಲೇ ಇದ್ದಳು. ಅಮ್ಮ ನನ್ನ ಪರವಾಗಿ ಬಂಡೆದ್ದಳೆಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅಮ್ಮ ಒಂದಿಷ್ಟು ಎತ್ತರವಾಗುತ್ತಾಳೆ. ನಡೆದದ್ದು ಅಷ್ಟು ಚೆನ್ನಾಗಿರಲಿಲ್ಲ. ಆ ಹಾಳೆ ಅಡುಗೆಮನೆಯ ಶೆಲ್ಫಿನಲ್ಲಿ, ಖಾರದ ಪುಡಿ ಡಬ್ಬದ ಕೆಳಗೆ ಹಾಸಿತ್ತು. ಸಾರಿನ ಪುಡಿಯೂ ಇರಬಹುದು. ನೆನಪು ಖಾರವನ್ನೇ ಆರಿಸಿಕೊಳ್ಳುತ್ತದೆ, ಅದನ್ನು ನಂಬಲಾರೆ. ಮಾತು ಮಾತ್ರ ಇಷ್ಟೇ:

“ಇದನ್ನ ಯಾಕಮ್ಮ ಹೊಲೀಲಿಲ್ಲ?”

“ಹಿಡಿಸ್ಲಿಲ್ಲ. ಹಾಗಾ ಮುಗಿಸೋದು?”

“ಹಾಗಾದ್ರೆ ಅಪ್ಪಂಗೆ ಹೇಳು. ಸೈಕಲ್ ಕೊಡ್ಸು.”

“ಅದು ಕಥೆ ಕಣೇ,” ಎಂದು ಅಮ್ಮ ಡಬ್ಬವನ್ನು ಮತ್ತೆ ಅದರ ಮೇಲಿಟ್ಟಳು. “ಅಪ್ಪ ಬೇಡ ಅಂದ್ರಲ್ಲ.”

ಮರುದಿನ ಸಂಜೆ ಗಂಟೆ ಹೊಡೆದ ಕೂಡಲೇ, ಅಭ್ಯಾಸಕ್ಕೆ ನಿಲ್ಲದೆ, ಬಸ್ ಸ್ಟಾಪಿಗೆ ನಡೆದೆ. ಶಾಲೆಯ ಗೋಡೆಯಾಚೆ ಚೆಂಡು ಕೈಯಿಂದ ಕೈಗೆ ಬೀಳುವ ಸದ್ದು. ಬಸ್ಸು ಬರಲಿಲ್ಲ, ಕೇಳುತ್ತಲೇ ನಿಂತೆ.