ಬೆಟ್ಟದ ಮಳೆಗೆ ಭಾವನ ಅಪ್ಪಣೆ

ನಮ್ಮ ಭಾವನಿಗೆ ಮಳೆ ಎಂದರೆ ಪರದೆಯ ಮೇಲಿನ ಬಣ್ಣ. ಹವಾಮಾನ ಕಚೇರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಉಪಗ್ರಹ ಕಳಿಸಿದ ಮೋಡದ ಚಿತ್ರ ನೋಡಿ, ಬೆಟ್ಟದಲ್ಲಿ ಎಷ್ಟು ಮಳೆ ಬಿತ್ತೆಂದು ಹೇಳುವುದು ಅವರ ಉದ್ಯೋಗ. ಅವರು ಬಿತ್ತು ಎಂದ ಮೇಲೆಯೇ ಅದು ಮಳೆ. ಅಲ್ಲಿಯವರೆಗೆ ಬರೀ ನೀರು.

ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್. ಇಡೀ ಬೆಟ್ಟಕ್ಕಿರುವ ಒಂದೇ ಮಳೆಮಾಪಕ ಆ ಆಸ್ಪತ್ರೆಯ ಅಂಗಳದಲ್ಲಿದೆ. ಅಕ್ಕ ದಿನಾ ಅಳೆದು ಫೋನ್ ಮಾಡುತ್ತಾಳೆ. ಉಪಗ್ರಹದ ಅಂಕಿಗೆ ತಾಳೆಯಾದರೆ ಭಾವ ಬರೆದುಕೊಳ್ಳುತ್ತಾರೆ, ಇಲ್ಲದಿದ್ದರೆ "ಮಾಪಕ ಕೆಟ್ಟಿದೆ" ಎಂದು ಕೈಬಿಡುತ್ತಾರೆ. ಕಚೇರಿಯ ಪದ್ಧತಿಯೇ ಹಾಗೆ. ಒಪ್ಪದ ಸಾಕ್ಷಿಯನ್ನೆಲ್ಲ ಹೊರಗಟ್ಟಿದ ಮೇಲೆ ಉಪಗ್ರಹ ತಪ್ಪುವುದಾದರೂ ಹೇಗೆ? ಭಾವನ ನಿಖರತೆಗೆ ಪ್ರಶಸ್ತಿಯೂ ಬಂತು.

ಆ ಶನಿವಾರ ಅಕ್ಕ ರಜೆಗೆಂದು ಮನೆಗೆ ಇಳಿದು ಬರಬೇಕಿತ್ತು. ಊಟದ ಡಬ್ಬಿ ಕೊಡಲು ನಾನು ಕಚೇರಿಗೆ ಹೋದಾಗಲೇ ಅವಳ ಫೋನ್ ಬಂತು. ಭಾವ ಸ್ಪೀಕರ್ ಹಾಕಿದರು.

"ರೀ, ಇಲ್ಲಿ ಹುಯ್ತಾ ಇದೆ. ಮಾಪಕ ತುಂಬಿ ಚೆಲ್ಲಿದೆ. ಜೀಪು ಹತ್ತಲಾ, ಬೇಡವಾ?"

"ಎಲ್ಲೇ ಮಳೆ? ಮೋಡ ತಗ್ಗಲ್ಲಿದೆ, ಬೆಚ್ಚಗಿದೆ. ಎತ್ತರದ ತಣ್ಣನೆ ಮೋಡ ಇದ್ರೆ ತಾನೇ ಜೋರು ಮಳೆ? ಇದು ತುಂತುರು ಕಣೇ. ಮಾಪಕಕ್ಕೆ ಸೂರಿನ ನೀರು ಬಿದ್ದಿರ್ಬೇಕು. ಧೈರ್ಯವಾಗಿ ಹೊರಡು."

ಬೆಟ್ಟಕ್ಕೆ ತಾಗಿದ ತಗ್ಗು ಮೋಡವೂ ಕೊಡ ಬೋರಲು ಹಾಕಿದಂತೆ ಸುರಿಯಬಲ್ಲದು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ತಿಳಿಯುವುದಿಲ್ಲ. ಭಾವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಪ್ರಶಸ್ತಿ ಬಂದ ಮೇಲೆ ಮರೆತಿದ್ದರು.

ಅವರು ಊಟ ಮುಗಿಸುವ ಮೊದಲೇ ರಸ್ತೆ ಇಲಾಖೆಯಿಂದ ಸುದ್ದಿ ಬಂತು: ನಡುಬೆಟ್ಟದಲ್ಲಿ ಗುಡ್ಡ ಜರಿದು ರಸ್ತೆಯೇ ಕೊಚ್ಚಿಹೋಗಿದೆ. ಅಕ್ಕನ ಫೋನ್ ಹತ್ತಲಿಲ್ಲ. ಪರದೆಯಲ್ಲಿ ಮಾತ್ರ ಆ ಜಾಗ ತಿಳಿನೀಲಿ, ಅಂದರೆ ಬರೀ ತುಂತುರು. ಉಪಗ್ರಹದ ಪ್ರಕಾರ ಎಲ್ಲರೂ ಕ್ಷೇಮ. ಭಾವ ಮತ್ತೆ ಮತ್ತೆ ಫೋನ್ ಒತ್ತುತ್ತಿದ್ದರು. ಸಮಯ ಸಿಕ್ಕಾಗಲೆಲ್ಲ ಅವರ ಕಾಲೆಳೆಯುವ ನಾನೂ ನನ್ನ ಫೋನಿನಿಂದ ಅಕ್ಕನ ನಂಬರ್ ಒತ್ತತೊಡಗಿದೆ. ಅಕ್ಕ ಹೋಗಿಬಿಟ್ಟಳು ಎಂದೇ ಅಂದುಕೊಂಡೆ.

ಸಂಜೆ ಆಸ್ಪತ್ರೆಯ ನಂಬರಿನಿಂದ ಫೋನ್ ಬಂತು.

"ಬದುಕಿದೀನಿ. ಜೀಪಿನ ಮುಂದೇನೇ ಗುಡ್ಡ ಜಾರ್ತು. ನಡ್ಕೊಂಡೇ ವಾಪಸ್ ಬಂದ್ವಿ."

ಭಾವನಿಗೆ ಜೀವ ಬಂತು, ಅದರ ಜೊತೆಗೇ ಸಿಟ್ಟೂ ಬಂತು. "ಅಂಥಾ ಮಳೇಲಿ ಯಾರಾದ್ರೂ ಹೊರಡ್ತಾರೇನೇ? ಕಣ್ಣು ಕಾಣಿಸ್ತಿರ್ಲಿಲ್ವಾ?"



"ಕಾಣಿಸ್ತಿತ್ತು ರೀ. ನೀವು ಮಳೆ ಇಲ್ಲ ಅಂದ್ರಲ್ಲ, ನನಗೇ ಏನೋ ಆಗಿದೆ ಅಂದ್ಕೊಂಡೆ."